ಬ್ರೇಕ್ ಅಂಗಡಿಯ ಗುರುತು

ಬ್ರೇಕ್ ರಿಪೇರಿ ಮಾಡುವ ಅಂಗಡಿಗೆ ಲೋಗೋ ಯಾಕೆ ಅಂತ ಮೊದಲು ತಕರಾರು ತೆಗೆದವನು ಬೋಳಣ್ಣ. ಹದಿನೆಂಟು ವರ್ಷದಿಂದ ಅಂಗಡಿಯ ಯಜಮಾನನ ಜೊತೆ ಗಾಡಿಗಳ ಕೆಳಗೆ ಮಲಗಿಕೊಂಡೇ ಅರ್ಧ ಆಯುಷ್ಯ ಕಳೆದ ಮೆಕ್ಯಾನಿಕ್ ಅವನು. ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದ್ದಕ್ಕೆ ಆ ಹೆಸರು. ಅದನ್ನು ಇಟ್ಟುಕೊಂಡಿದ್ದೂ ಅವನೇ.

"ಬ್ರೇಕ್ ಹಿಡೀದೆ ಇರೋನು ಲೋಗೋ ನೋಡ್ಕೊಂಡು ಬರ್ತಾನೇನಮ್ಮ? ಎಲ್ಲಿ ಗೋಡೆ ಸಿಗುತ್ತೋ ಅಲ್ಲಿ ನಿಲ್ತಾನೆ," ಅಂದ.

ಯಜಮಾನನ ಮಗಳು ನಕ್ಕಳು, ಪಟ್ಟು ಮಾತ್ರ ಬಿಡಲಿಲ್ಲ. ಓದು ಮುಗಿಸಿ ಅಂಗಡಿಗೆ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಯಾವ ಗಾಡಿ ಯಾವತ್ತು ಬರಬೇಕು, ಯಾರಿಗೆ ಯಾವತ್ತು ಫೋನ್ ಮಾಡಬೇಕು ಎಲ್ಲ ಅವಳದೇ ಉಸ್ತುವಾರಿ. ಅಂಗಡಿ ಇನ್ನೂ ಇದ್ದದ್ದು ಒಂದು ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ, ಬೋರ್ಡೇ ಇರಲಿಲ್ಲ. ಈಗ ದೊಡ್ಡ ರಸ್ತೆಯಲ್ಲಿ ಆರು ಗಾಡಿ ಹಿಡಿಸುವ ಶೆಡ್ಡು ಸಿಕ್ಕಿತ್ತು, ಅಲ್ಲಿಗೆ ಹೋಗುವುದು ಬಾಕಿಯಿತ್ತು. ಅದರ ಮುಂಭಾಗಕ್ಕೆ ಅಗಲವಾದ ಗೋಡೆ. ಆ ಗೋಡೆಯ ಮೇಲೆ 'ಭರವಸೆ ಬ್ರೇಕ್ಸ್' ಅಂತ ಹೆಸರು, ಅದರ ಪಕ್ಕದಲ್ಲಿ ನೋಡಿದ ಕೂಡಲೇ ಗುರುತು ಹತ್ತುವ ಒಂದು ಚಿತ್ರ ಇರಬೇಕು ಅಂತ ಅವಳ ಆಸೆ. ಹೆಸರು ಅವಳೇ ಆರಿಸಿದ್ದು. ಅಪ್ಪನಿಗೆ ಹೇಳಿದಾಗ ಅವನು, "ನೋಡೋಣ," ಅಂದಿದ್ದ. ಅಪ್ಪನ 'ನೋಡೋಣ'ಕ್ಕೆ ಹೂಂ ಅಂತಲೂ ಅರ್ಥವಿತ್ತು, ಊಹೂಂ ಅಂತಲೂ ಇತ್ತು. ಅವಳು ತನಗೆ ಬೇಕಾದ ಅರ್ಥ ತೆಗೆದುಕೊಂಡಳು.

ಲೋಗೋ ಮಾಡುವವರನ್ನು ಹುಡುಕಿಕೊಂಡು ಅವಳು ಮೂರು ಕಡೆ ಅಲೆದಳು. ಮೊದಲನೆಯವನು ಅವಳು ಕೂರುವ ಮುಂಚೆಯೇ ಕಂಪ್ಯೂಟರಿನಲ್ಲಿ ಚಕ್ರಕ್ಕೆ ಎರಡು ರೆಕ್ಕೆ ಅಂಟಿಸಿ ತೋರಿಸಿದ. "ನಮ್ಮದು ಗಾಡಿ ನಿಲ್ಲಿಸೋ ಅಂಗಡಿ, ಹಾರಿಸೋದಲ್ಲ," ಅಂತ ಎದ್ದು ಬಂದಳು. ಎರಡನೆಯವನು ಫೋನಿನಿಂದ ತಲೆ ಎತ್ತಲೇ ಇಲ್ಲ. ಮೂರನೆಯವರು, ಬಟ್ಟೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದ ಹೆಂಗಸು. ಐವತ್ತರ ಆಸುಪಾಸು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ನೋಟ್‌ಬುಕ್ ತೆಗೆದು, "ನಿಮ್ಮಲ್ಲಿಗೆ ಗಾಡಿ ತರೋವಾಗ ಜನರ ಮುಖ ಹೇಗಿರುತ್ತೆ? ತಗೊಂಡು ಹೋಗೋವಾಗ ಹೇಗಿರುತ್ತೆ?" ಅಂತ ಕೇಳಿದರು.

"ಗಮನಿಸಿಲ್ಲ ಮೇಡಂ," ಅಂದಳು ಮಗಳು. ಎರಡು ವರ್ಷದಲ್ಲಿ ಯಾರ ಮುಖವನ್ನೂ ಅವಳು ಆ ಕಣ್ಣಿನಿಂದ ನೋಡಿರಲಿಲ್ಲ.

"ಪರವಾಗಿಲ್ಲ. ಒಂದಿನ ಪೂರ್ತಿ ನಿಮ್ಮ ಅಂಗಡೀಲಿ ಕೂತ್ಕೊಳ್ತೀನಿ. ನಿಮ್ಮ ತಂದೆಯವರಿಗೆ ತೊಂದರೆ ಇಲ್ಲ ಅಂದ್ರೆ."

ತೊಂದರೆ ಇತ್ತು. ಡಿಸೈನರ್ ಬಂದ ದಿನ ಅಪ್ಪ ಬೆಳಗಿನಿಂದ ಮುಖ ಗಂಟು ಹಾಕಿಕೊಂಡೇ ಕೆಲಸ ಮಾಡಿದ. ಅವರು ಬೋರಲು ಹಾಕಿದ ಆಯಿಲ್ ಡ್ರಮ್ಮಿನ ಮೇಲೆ ಕೂತು, ಯಾರಿಗೂ ಅಡ್ಡ ಬರದೆ ನೋಡುತ್ತಿದ್ದರು. ಅಪ್ಪ ಬ್ರೇಕಿನ ಸವೆದ ಲೈನಿಂಗ್ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡುವುದು, ಬೋಳಣ್ಣ ಬಿಗಿ ಮಾಡಿದ ಪ್ರತಿ ಬೋಲ್ಟನ್ನೂ ತಾನು ಇನ್ನೊಂದು ಸಲ ಮುಟ್ಟುವುದು, ಗಾಡಿಯ ಮಾಲೀಕ ಅವಸರ ಮಾಡಿದಷ್ಟೂ ತಾನು ನಿಧಾನ ಮಾಡುವುದು.

ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದರು: "ಈ ಕೆಲಸಕ್ಕೆ ಹೇಗೆ ಬಂದ್ರಿ?"

"ಕಲಿತೆ," ಅಂದ ಅಪ್ಪ.

"ಅಲ್ಲ, ಗಾಡಿ ಕೆಲಸದಲ್ಲಿ ಎಷ್ಟೊಂದಿದೆ. ಬ್ರೇಕೇ ಯಾಕೆ?"

ಅಪ್ಪ ಊಟದ ಡಬ್ಬಿಯ ಮುಚ್ಚಳ ಹಾಕಿದ. "ಎಂಜಿನ್ ಕೆಟ್ರೆ ಗಾಡಿ ನಿಲ್ಲುತ್ತೆ. ಬ್ರೇಕ್ ಕೆಟ್ರೆ ನಿಲ್ಲಲ್ಲ. ಅದಕ್ಕೆ."

ಡಿಸೈನರ್ ಅದನ್ನು ಬರೆದುಕೊಂಡರು.

ಸಂಜೆ ರಿಪೇರಿಯಾದ ಒಂದು ಗಾಡಿಯ ಬ್ರೇಕ್ ಪರೀಕ್ಷೆ ಇತ್ತು. ಬೋಳಣ್ಣ ಓಣಿಯ ಆ ತುದಿಗೆ ಹೋಗಿ ನಿಂತ. ಅಪ್ಪ ಗಾಡಿಯ ಕೆಳಗೆ ಬಗ್ಗಿ ನೋಡಿದ. ಆಮೇಲೆ ಓಣಿಯುದ್ದಕ್ಕೂ ನಡೆದು, ಒಂದೊಂದು ಮನೆಯ ಬಾಗಿಲ ಹತ್ತಿರವೂ ನಿಂತು, ಆಡುತ್ತಿದ್ದ ಇಬ್ಬರು ಮಕ್ಕಳನ್ನು ಒಳಗೆ ಕಳಿಸಿ, ಅವರ ಅಜ್ಜಿ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ವಾಪಸು ಬಂದ. ಬೋಳಣ್ಣ ಕೈ ಎತ್ತಿದ ಮೇಲಷ್ಟೇ ಗಾಡಿ ಹೊರಟಿತು.

"ದಿನಾ ಹೀಗೇನಾ?" ಡಿಸೈನರ್ ಮೆಲ್ಲಗೆ ಕೇಳಿದರು.

"ಪ್ರತಿ ಗಾಡಿಗೂ. ಅಪ್ಪನಿಗೆ ಅದೊಂದು ಚಟ ಮೇಡಂ. ಓಣಿಯವರಿಗೆಲ್ಲ ಅಭ್ಯಾಸ ಆಗಿಹೋಗಿದೆ," ಅಂದಳು ಮಗಳು. ಹೇಳುವಾಗ ಅವಳಿಗೆ ಒಂಥರಾ ಹೆಮ್ಮೆಯೇ ಆಗಿತ್ತು.

ಮೂರು ವಾರದ ಮೇಲೆ, ಚಿತ್ರ ತಯಾರಾಗಿದೆ ಅಂತ ಫೋನ್ ಬಂತು. ಅಪ್ಪನನ್ನು ಹೊರಡಿಸುವಷ್ಟರಲ್ಲಿ ಮಗಳಿಗೆ ಸಾಕುಸಾಕಾಯಿತು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಉಗುರಿನ ಕಪ್ಪು ಹೋಗಲೆಂದು ಎರಡೆರಡು ಸಲ ಕೈ ತಿಕ್ಕಿ ಬಂದಿದ್ದ, ಕಪ್ಪು ಹೋಗಿರಲಿಲ್ಲ. ಕುರ್ಚಿಯ ತುದಿಯಲ್ಲಿ, ಯಾರದೋ ಮನೆಗೆ ಕರೆಯದೆ ಬಂದವನ ಹಾಗೆ ಕೂತ.

ಡಿಸೈನರ್ ಮೂರು ಹಾಳೆ ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದರು. ಮೊದಲನೆಯದನ್ನು ತಿರುಗಿಸಿದರು: ಪೆಡಲಿನ ಆಕಾರದಲ್ಲಿ 'ಭ' ಅಕ್ಷರ. ಅಪ್ಪ ಬೇಡ ಅನ್ನುವಂತೆ ತಲೆಯಾಡಿಸಿದ. ಎರಡನೆಯದು, ಅಂಗೈ ತೋರಿಸಿ ನಿಲ್ಲು ಅನ್ನುವ ಕೈ. ಅದಕ್ಕೂ ತಲೆಯಾಡಿಸಿದ.

"ಮೂರನೆಯದು ನನಗೆ ಇಷ್ಟ ಆಗಿರೋದು," ಅಂದರು ಅವರು. "ನಿಮ್ಮ ಓಣೀಲಿ ಕೂತಿದ್ದಾಗ ಹೊಳೆದದ್ದು."

ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ದೊಡ್ಡ ಚಕ್ರದ ಅರ್ಧ, ದಪ್ಪ ಕಪ್ಪು ಗೆರೆಯಲ್ಲಿ. ಅದರ ಎದುರಿಗೆ, ಗೇಣು ದೂರದಲ್ಲಿ, ಒಂದು ಪುಟ್ಟ ಹುಡುಗಿ. ಅವಳು ಓಡುತ್ತಿರಲಿಲ್ಲ. ಕೈ ಅಡ್ಡ ಹಿಡಿದಿರಲಿಲ್ಲ. ಎರಡೂ ಕೈ ಇಳಿಬಿಟ್ಟು, ತಲೆ ಸ್ವಲ್ಪ ಎತ್ತಿ, ಚಕ್ರವನ್ನು ನೋಡುತ್ತ ಸುಮ್ಮನೆ ನಿಂತಿದ್ದಳು. ಗಾಡಿ ನಿಲ್ಲುತ್ತದೆ ಅನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ ಅಂತ ಆ ನಾಲ್ಕು ಗೆರೆಗಳಲ್ಲೇ ಗೊತ್ತಾಗುತ್ತಿತ್ತು. ಕೆಳಗೆ 'ಭರವಸೆ' ಅಂತ ಬರೆದಿತ್ತು.

"ಎಷ್ಟು ಚೆನ್ನಾಗಿದೆ!" ಅಂದುಬಿಟ್ಟಳು ಮಗಳು. ಅಂದು ಅಪ್ಪನ ಕಡೆ ತಿರುಗಿದರೆ, ಅವನ ಮುಖ ಬಿಳಿಚಿಹೋಗಿತ್ತು. ಮೇಜಿನ ಅಂಚು ಹಿಡಿದುಕೊಂಡು ಎದ್ದ.

"ಅದನ್ನ ಮುಚ್ಚಿ," ಅಂದ. ಅವನ ದನಿ ಅವನದಾಗಿರಲಿಲ್ಲ. "ದಯವಿಟ್ಟು ಮುಚ್ಚಿಬಿಡಿ ಅಮ್ಮ."

ಡಿಸೈನರ್ ಹಾಳೆಯನ್ನು ಬೋರಲು ಹಾಕುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಯಾಗಿತ್ತು.

ಮಗಳಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಏನೇನೋ ಸಮಜಾಯಿಷಿ ಹೇಳಿ, ಕ್ಷಮೆ ಕೇಳಿ ಕೆಳಗೆ ಬಂದರೆ ಅಪ್ಪ ಎಲ್ಲೂ ಇಲ್ಲ. ಸಿಟ್ಟಿನಲ್ಲೇ ಮನೆಗೆ ಬಂದಳು. ಅಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ನಿನ್ನ ಗಂಡ ಇವತ್ತು ನನ್ನ ಮರ್ಯಾದೆ ತೆಗೆದ," ಅಂತ ಶುರು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿಯ ಚಿತ್ರದ ಮಾತು ಬಂದಾಗ ಅಮ್ಮನ ಕೈ ನಿಂತಿತು.

"ಹುಡುಗಿ ಓಡ್ತಿದ್ಲಾ?"

"ಇಲ್ಲ. ಸುಮ್ನೆ ನಿಂತಿದ್ಲು. ಅದೇ ಅದರಲ್ಲಿ ಚೆಂದ."

ಅಮ್ಮ ಕೈಯಲ್ಲಿದ್ದ ಅಂಗಿಯನ್ನು ಎದೆಗೆ ಒತ್ತಿಕೊಂಡು ಕುಸಿದು ಕೂತಳು. ಮಗಳು ಎಷ್ಟು ಕೇಳಿದರೂ ಅವಳು ಹೇಳಿದ್ದು ಇಷ್ಟೇ: "ನಾನು ಹೇಳೋ ಮಾತಲ್ಲ ಅದು. ಅವರೇ ಹೇಳ್ಬೇಕು. ಇಷ್ಟು ವರ್ಷ ತಡ ಮಾಡಿದ್ದು ತಪ್ಪಾಯ್ತು."

ಅಪ್ಪ ಮರುದಿನ ಬೆಳಿಗ್ಗೆ ತಾನಾಗಿಯೇ, "ಹೊಸ ಶೆಡ್ಡಿನ ಗೋಡೆ ಅಳೀಬೇಕು, ಬಾ ಮರಿ," ಅಂದ. ರಜೆಯ ದಿನ, ರಸ್ತೆಯಲ್ಲಿ ಜನ ಕಡಿಮೆ. ಶೆಡ್ಡು ಖಾಲಿ ಇತ್ತು, ಮಾತಾಡಿದರೆ ಗೋಡೆಗಳು ತಿರುಗಿ ಹೇಳುವಷ್ಟು ಖಾಲಿ. ಟೇಪಿನ ಒಂದು ತುದಿ ಅವಳಿಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಅವನು ಗೋಡೆಯ ಆ ಕೊನೆಗೆ ಹೋದ. ಅಳತೆ ಓದಲಿಲ್ಲ. ಅಲ್ಲೇ, ಅಷ್ಟು ದೂರದಲ್ಲೇ, ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳತೊಡಗಿದ.

"ನಾನು ಮೊದಲು ಡ್ರೈವರ್ ಆಗಿದ್ದೆ. ಬೇರೆ ಊರಲ್ಲಿ. ಬೇಕರಿಯೊಂದರ ಬ್ರೆಡ್ ವ್ಯಾನು. ನೀನು ಆವಾಗ ನಿಮ್ಮಮ್ಮನ ಹೊಟ್ಟೇಲಿದ್ದೆ."

ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಡ್ರೈವರ್ ಆಗಿದ್ದ ಅಂತ ಮನೆಯಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ.

"ಬ್ರೇಕ್ ಪೆಡಲ್ ತಳದವರೆಗೂ ಹೋಗ್ತಿತ್ತು. ನಾಲ್ಕು ದಿನದಿಂದ. ಮಾಲೀಕರಿಗೆ ಹೇಳಿದೆ, ವಾರ ಮುಗೀಲಿ ಅಂದ್ರು. ನಾನೂ ಹೂಂ ಅಂದೆ. ಎರಡು ಸಲ ಒತ್ತಿದ್ರೆ ಹಿಡೀತಿತ್ತು. ಮೂರು ದಿನ ಹಿಡೀತು."

ಜೋತುಬಿದ್ದಿದ್ದ ಟೇಪನ್ನು ಅವನು ಮತ್ತೆ ಬಿಗಿಯಾಗಿ ಎಳೆದ.

"ಇಳಿಜಾರು. ಬೆಳಿಗ್ಗೆ ಎಂಟು ಗಂಟೆ. ನಲ್ಲಿ ಹತ್ತಿರ ಒಂದು ಮಗು ರಸ್ತೆ ದಾಟ್ತಾ ಇತ್ತು, ಕೈಯಲ್ಲಿ ಚಿಕ್ಕ ಬಿಂದಿಗೆ. ಆರು ವರ್ಷ. ನಾನು ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಹಾರನ್ ಹೊಡೆದೆ. ಅವಳು ನೋಡಿದ್ಲು ಮರಿ. ನನ್ನನ್ನ ನೋಡಿದ್ಲು. ಓಡೋಕೆ ಬೇಕಾದಷ್ಟು ಹೊತ್ತಿತ್ತು. ಅವಳು ಓಡಲಿಲ್ಲ. ದೊಡ್ಡೋರು ಓಡಿಸ್ತಿದ್ದಾರೆ, ನಿಲ್ಲಿಸ್ತಾರೆ ಅಂದ್ಕೊಂಡು ನಿಂತ್ಲು."

ಟೇಪಿನ ತುದಿ ಬಿಟ್ಟರೆ ಅದು ಸರ್ರನೆ ಅವನ ಕೈಗೆ ಹೊಡೆಯುತ್ತದೆ ಅಂತ ಮಗಳು ಗಟ್ಟಿಯಾಗಿ ಹಿಡಿದೇ ನಿಂತಿದ್ದಳು.

ಉಳಿದದ್ದನ್ನು ಅವನು ಚುಟುಕಾಗಿ ಮುಗಿಸಿದ. ಒಂದೂವರೆ ವರ್ಷ ಜೈಲು. ಬಿಡುಗಡೆಯಾದ ದಿನ ಮನೆಗೆ ಹೋಗುವ ಮುಂಚೆ ಆ ಮಗುವಿನ ಮನೆಗೆ ಹೋದ. ಮಗುವಿನ ಅಪ್ಪ ಬಾಗಿಲು ತೆಗೆದ. ಬೈಯಲಿಲ್ಲ, ಹೊಡೆಯಲಿಲ್ಲ. 'ಹೊಡೆದಿದ್ರೆ ಚೆನ್ನಾಗಿತ್ತು' ಅನ್ನಿಸಿತಂತೆ ಇವನಿಗೆ. "ಇನ್ನು ಬರಬೇಡ. ನಿನ್ನನ್ನ ನೋಡಿದ್ರೆ ಅವಳ ತಾಯಿ ಮತ್ತೆ ಊಟ ಬಿಡ್ತಾಳೆ," ಅಂತಷ್ಟೇ ಹೇಳಿ ಬಾಗಿಲು ಹಾಕಿಕೊಂಡನಂತೆ. ಆಮೇಲೆ ಈ ಊರು. ಒಬ್ಬ ಮುದುಕ ಮೆಕ್ಯಾನಿಕ್ಕಿನ ಕೈಕೆಳಗೆ ಬ್ರೇಕ್ ಕೆಲಸ ಕಲಿತದ್ದು.

"ನನಗೆ ಯಾಕೆ ಹೇಳಲಿಲ್ಲ?" ಕೊನೆಗೂ ಅವಳ ಬಾಯಿಂದ ಬಂದದ್ದು ಅದೇ.

"ನಿನಗೆ ಆರು ವರ್ಷ ಆದಾಗ ಹೇಳೋಣ ಅಂತ ಬಂದೆ. ನಿನ್ನ ಮುಖ ನೋಡಿ ಆಗಲಿಲ್ಲ. ಆಮೇಲೆ ಪ್ರತಿ ವರ್ಷ ಕಷ್ಟ ಆಗ್ತಾ ಹೋಯ್ತು."

"ಎರಡು ತಿಂಗಳಿಂದ ಭರವಸೆ, ಭರವಸೆ ಅಂತ ನಿನ್ನ ತಲೆ ತಿಂತಿದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನೀನು ಖುಷಿಯಾಗಿದ್ದೆ," ಅಂದ ಅಪ್ಪ.

ಅವಳು ಬಗ್ಗಿ ಟೇಪಿನ ತುದಿಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ಒಬ್ಬಳೇ ಮನೆಗೆ ನಡೆದಳು.

ಒಂಬತ್ತು ದಿನ ಅವಳು ಅಂಗಡಿಗೆ ಹೋಗಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು. ಅವಳಿಗೆ ಅಪ್ಪನ ಮೇಲೆ ಸಿಟ್ಟೋ, ಆ ಮಗುವಿನ ಸಂಕಟವೋ, ಏನೂ ಗೊತ್ತಿಲ್ಲದೆ ಓಣಿಯಲ್ಲಿ ನಿಂತು ಹೆಮ್ಮೆಪಟ್ಟ ತನ್ನ ಮೇಲಿನ ಅಸಹ್ಯವೋ, ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ಎದುರಿಗೆ ಕೂತ ಅಪ್ಪನ ಕಾಲು ಕಣ್ಣಿಗೆ ಬೀಳುತ್ತಿತ್ತು. ಪೆಡಲ್ ಒತ್ತಿದ ಕಾಲು. ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಪ್ಪ ಆ ತಟ್ಟೆಯನ್ನೂ ನೋಡುತ್ತಿದ್ದ. ಒಂದು ಮಧ್ಯಾಹ್ನ ಬೋಳಣ್ಣ ಮನೆಗೆ ಬಂದ. ಯಾವ ಗಾಡಿಗೆ ಯಾವತ್ತು ಹೇಳಿದೆ ಅಂತ ತನಗೆ ತಿಳಿಯದೆ ಒಂದೇ ದಿನ ಏಳು ಗಾಡಿ ಬಂದು ಓಣಿ ಕಟ್ಟಿಹೋಗಿತ್ತು ಅಂತ ಹೇಳಿ, "ಏಳು ಜನವೂ ನನ್ನ ತಲೆ ಮೇಲೆ ಬಿದ್ರು ಕಣಮ್ಮ. ಮೊದಲೇ ಅಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ," ಅಂದ. ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು.

"ನಿಂಗೆ ಗೊತ್ತಿತ್ತಾ ಬೋಳಣ್ಣ?"

"ಮೊದಲನೇ ದಿನವೇ ಹೇಳಿದ್ರು. 'ನಾನು ಇಂಥೋನು. ಇಷ್ಟ ಇದ್ರೆ ಇರು' ಅಂತ." ಅವನು ಚಪ್ಪಲಿ ಮೆಟ್ಟುತ್ತ ಸ್ವಲ್ಪ ತಡೆದ. "ಹೊರಗಿನೋರಿಗೆ ಹೇಳೋದು ಸುಲಭ ಅಮ್ಮ."

ಮರುದಿನ ಅವಳು ಡಿಸೈನರ್ ಹತ್ತಿರ ಹೋದಳು, ಕೆಲಸ ಇಲ್ಲಿಗೇ ನಿಲ್ಲಿಸಿ ಅಂತ ಹೇಳಲು. ಆದರೆ ಕೂತ ಮೇಲೆ ಎಲ್ಲವನ್ನೂ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಿಮ್ಮ ತಂದೆ ಮೊನ್ನೆ ಬಂದಿದ್ರು," ಅಂದರು.

"ಅಪ್ಪ? ಇಲ್ಲಿಗೆ?"

"ಒಬ್ಬರೇ. ಆ ಚಿತ್ರ ಇನ್ನೊಂದು ಸಲ ತೋರಿಸಿ ಅಂದ್ರು. ಅರ್ಧ ಗಂಟೆ ನೋಡಿದ್ರು. ನಾನು ಕ್ಷಮೆ ಕೇಳಿದೆ. ಬರೆಯೋ ಮುಂಚೆ ಇನ್ನೂ ಕೇಳಬೇಕಾಗಿತ್ತು ನಾನು. ನೋಡಿದ್ರೆ ಸಾಕು ಅಂದ್ಕೊಂಡುಬಿಟ್ಟೆ. ಅವರು, 'ನೀವು ತಪ್ಪು ಬರೆದಿಲ್ಲ. ಸರಿಯಾಗಿ ಬರೆದಿದ್ದೀರಿ, ಅದಕ್ಕೇ ನೋಡೋಕಾಗಲಿಲ್ಲ' ಅಂದ್ರು. ಬೇಕಾದ್ರೆ ತಗೊಂಡು ಹೋಗಿ ಅಂತ ಕೊಡೋಕೆ ಹೋದೆ. ಬೇಡ ಅಂದ್ರು. ಬೇರೆಯವರ ಮಗು, ನಾನು ಹೇಗೆ ಇಟ್ಕೊಳ್ಳಲಿ ಅಂದ್ರು."

ಮಗಳು ಕಿಟಕಿಯ ಕಡೆ ನೋಡುತ್ತ ಕೂತಳು. ಕೆಳಗೆ ಬಟ್ಟೆ ಅಂಗಡಿಯವನು ಗಿರಾಕಿಗೆ ಯಾವುದೋ ಬಣ್ಣ ಹೋಗುವುದಿಲ್ಲ ಅಂತ ಆಣೆ ಹಾಕುವುದು ಕೇಳುತ್ತಿತ್ತು.

"ಹೋಗೋವಾಗ ಒಂದು ಮಾತು ಹೇಳಿದ್ರು," ಅಂದರು ಡಿಸೈನರ್. "'ಅಂಗಡಿಗೆ ಗುರುತು ಬೇಕು, ನನ್ನ ಮಗಳು ಆಸೆ ಪಟ್ಟಿದ್ದಾಳೆ, ಮಾಡಿಕೊಡಿ. ಆದ್ರೆ ಭರವಸೆ ಅನ್ನೋ ಮಾತು ಬೇಡ. ನಾನು ಕೆಲಸ ಮಾಡಬಲ್ಲೆ. ಆ ಮಾತು ನನ್ನ ಬಾಯಲ್ಲಿ ಬರೋ ಹಾಗಿಲ್ಲ.' ನೀವು ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ. ಇಬ್ಬರಲ್ಲಿ ಯಾರ ಮಾತು ಕೇಳಲಿ?"

ಮಗಳು ಎದ್ದು ನಿಂತು, "ಅಪ್ಪನದೇ ಕೇಳಿ," ಅಂದಳು.

ಅಲ್ಲಿಂದ ಅವಳು ನೇರ ಅಂಗಡಿಗೆ ಬಂದಳು. ಅಪ್ಪ ಒಂದು ಗಾಡಿಯ ಕೆಳಗಿದ್ದ, ಕಾಲು ಮಾತ್ರ ಹೊರಗೆ. ಅವಳು ಆ ಕಾಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು.

"ಅಪ್ಪ."

ಕೆಳಗಿನ ಸ್ಪ್ಯಾನರ್ ಸದ್ದು ನಿಂತಿತು.

"ನಂಗೆ ಇನ್ನೂ ಸಿಟ್ಟು ಹೋಗಿಲ್ಲ."

"ಹೂಂ."

"ಯಾವಾಗ ಹೋಗುತ್ತೋ ಗೊತ್ತಿಲ್ಲ."

"ಹೂಂ."

"ನಾಳೆಯಿಂದ ಬರ್ತೀನಿ."

ಎಣ್ಣೆ ಮೆತ್ತಿದ ಕೈಯೊಂದು ಹೊರಗೆ ಬಂದು ನೆಲ ತಡವಿತು. ಅವನಿಗೆ ಬೇಕಾಗಿದ್ದ ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ಅವಳ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ಕೈಗೆ ಕೊಟ್ಟಳು.

ಡಿಸೈನರ್ ಮುಂದಿನ ತಿಂಗಳು ಒಂದೇ ಒಂದು ಹಾಳೆ ತಂದರು. ಈ ಸಲ ತಾವೇ ಅಂಗಡಿಗೆ ಬಂದು, ಬೋರಲು ಹಾಕದೆ, ಮೊದಲು ಬಾಯಲ್ಲಿ ವಿವರಿಸಿ, ಆಮೇಲೆ ತೋರಿಸಿದರು. 'ಬ್ರೇಕ್ ಕೆಲಸ' ಅನ್ನುವ ಎರಡು ಪದ, ದೂರದಿಂದ ಬರುವವನಿಗೂ ಕಾಣುವ ದಪ್ಪ ಅಕ್ಷರ. ಅದರ ಕೆಳಗೆ ಅಡ್ಡಲಾಗಿ ಒಂದು ಬಿಳಿ ಪಟ್ಟಿ, ರಸ್ತೆಗಳು ಕೂಡುವಲ್ಲಿ ಗಾಡಿಗಳು ದಾಟಬಾರದು ಅಂತ ಬಳಿದಿರುತ್ತಾರಲ್ಲ, ಅಂಥದ್ದು. ಅಷ್ಟೇ. ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು, ಕೈ ಚಾಚಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಇದಾಗಬಹುದು," ಅಂದ.

ಬೋಳಣ್ಣ ಹಿಂದಿನಿಂದ ಇಣುಕಿ, "ಇದಕ್ಕಾ ಇಷ್ಟು ದಿನ? ಗೆರೆ ನಾನೂ ಎಳೀತಿದ್ದೆ," ಅಂದ. ಡಿಸೈನರ್ ಮೊದಲ ಸಲ ಜೋರಾಗಿ ನಕ್ಕರು.

ಅಂಗಡಿ ಹೊಸ ಶೆಡ್ಡಿಗೆ ಬಂದ ಮೇಲೆ, ಬೋರ್ಡು ಏರಿಸುವ ದಿನ ಬೆಳಿಗ್ಗೆ ಇಬ್ಬರು ಕೆಲಸದವರು ಏಣಿ ಹತ್ತಿದ್ದರು. ಮಗಳು ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಅಂತ ಕೈ ಆಡಿಸುತ್ತಿದ್ದಳು. ಆಗ ರಸ್ತೆಯ ಆಚೆ ಅಮ್ಮ ಕಂಡಳು. ಅಪ್ಪನ ಅಂಗಡಿಗೆ ಅವಳು ಅದುವರೆಗೆ ಒಂದು ದಿನವೂ ಬಂದವಳಲ್ಲ. ಊಟದ ಡಬ್ಬಿಯನ್ನೂ ಬೇರೆಯವರ ಕೈಲೇ ಕಳಿಸುತ್ತಿದ್ದಳು. ಎರಡೂ ಕಡೆ ನೋಡಿ, ಇನ್ನೊಂದು ಸಲ ನೋಡಿ, ದಾಟಿ ಬಂದಳು. ಅಪ್ಪ ಕೈಯಲ್ಲಿದ್ದ ಬಟ್ಟೆಗೆ ಕೈ ಒರೆಸುತ್ತ ಬಾಗಿಲಲ್ಲೇ ನಿಂತುಬಿಟ್ಟ.

ಅಮ್ಮ ತಲೆ ಎತ್ತಿ ಬೋರ್ಡು ಓದಿದಳು. "ಅಕ್ಷರ ಚೆನ್ನಾಗಿ ಕಾಣುತ್ತೆ. ಕನ್ನಡಕ ಇಲ್ದೆ ಓದಿದೆ," ಅಂದಳು.

ಒಳಗೆ ಬಂದು ಸುತ್ತ ನೋಡಿದಳು. ಎತ್ತಿ ನಿಲ್ಲಿಸಿದ ಗಾಡಿ, ಬಿಚ್ಚಿಟ್ಟ ಚಕ್ರಗಳು, ಗೋಡೆಯ ಮೇಲೆ ಸಾಲಾಗಿ ನೇತು ಹಾಕಿದ ಸ್ಪ್ಯಾನರುಗಳು. ಮಗಳು ತನ್ನ ಕುರ್ಚಿ ಎಳೆದು ಕೊಟ್ಟಳು. ಅಪ್ಪ ಒಂದು ಲೋಟ ನೀರು ತಂದು ಕೊಟ್ಟು, ಅಲ್ಲೇ ನಿಂತ.

"ಇವತ್ತು ಎಷ್ಟು ಗಾಡಿ ಇದೆ?" ಅಂತ ಅಮ್ಮ ಕೇಳಿದಳು.

"ಮೂರು."

"ಹಾಗಾದ್ರೆ ನೀವು ನಿಮ್ಮ ಕೆಲಸ ನೋಡಿ. ನಾನು ಸ್ವಲ್ಪ ಹೊತ್ತು ಕೂತಿರ್ತೀನಿ," ಅಂದು ಅವಳು ನೀರು ಕುಡಿದಳು.